ಮನೋರೋಗವೂ ಮನೆತನವೂ

ವಿಂಗಡಣೆಯಿಲ್ಲದೆ ವಿಜ್ಞಾನವಿಲ್ಲ. ಗಿಡಗಳನ್ನು, ಕಲ್ಲುಗಳನ್ನು, ನಕ್ಷತ್ರಗಳನ್ನು ಮನುಷ್ಯನು ಗುಂಪುಗುಂಪಾಗಿ ವಿಂಗಡಿಸಿ ಹೆಸರಿಟ್ಟಿದ್ದಾನೆ. ಆದರೆ ತಾನೇ ಎಳೆದ ಗೆರೆಯನ್ನು ಪ್ರಕೃತಿ ಎಳೆದ ಗೆರೆಯೆಂದು ಅವನು ಭ್ರಮಿಸಿದಾಗ ಅನರ್ಥಕ್ಕೆ ದಾರಿಯಾಗುತ್ತದೆ. ಮನೋರೋಗಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸತ್ಯ. ‘ಇವರು ಸ್ವಸ್ಥರು, ಅವರು ಹುಚ್ಚರು, ಇದು ಒಳ್ಳೆಯ ಮನೆತನ, ಅದು ಹುಚ್ಚಿನ ಮನೆತನ’ ಎಂಬ ವಿಭಜನೆ ಜನರ ಬಾಯಲ್ಲಿ ಬಹುಕಾಲದಿಂದ ಇದೆ. ಹೆಣ್ಣು ಗಂಡು ನೋಡುವಾಗ ಎಷ್ಟೋ ಸಂಬಂಧಗಳು ಈ ಒಂದು ಮಾತಿನಿಂದ ಮುರಿದುಬಿದ್ದಿವೆ. ಈ ಅಂಜಿಕೆಯಿಂದಲೇ ಎಷ್ಟೋ ಕುಟುಂಬಗಳು ರೋಗಿಯನ್ನು ವೈದ್ಯರಿಗೂ ತೋರಿಸದೆ ಮರೆಮಾಡಿವೆ. ಅನುವಂಶೀಯತೆಯ ವಿಜ್ಞಾನವು ಈ ವಿಭಜನೆಯನ್ನು ಸಮರ್ಥಿಸುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮನೋವೈದ್ಯಶಾಸ್ತ್ರಕ್ಕೆ ಒಂದು ವ್ಯವಸ್ಥೆಯನ್ನು ತಂದುಕೊಟ್ಟವನು ಜರ್ಮನಿಯ ಎಮಿಲ್ ಕ್ರೇಪೆಲಿನ್. ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, ರೋಗದ ಆರಂಭ, ಗತಿ, ಪರಿಣಾಮಗಳನ್ನು ಬರೆದಿಟ್ಟು, 1899ರಲ್ಲಿ ಹೊರಬಂದ ತನ್ನ ಗ್ರಂಥದ ಆವೃತ್ತಿಯಲ್ಲಿ ಆತನು ತೀವ್ರ ಮನೋರೋಗಗಳನ್ನು ಎರಡು ಮುಖ್ಯ ಗುಂಪುಗಳಾಗಿ ವಿಂಗಡಿಸಿದನು. ಒಂದು, ವಿಚಾರಶಕ್ತಿಯೂ ಭಾವನೆಗಳೂ ಹದಗೆಡುತ್ತ ಹೋಗುವ ರೋಗ. ಇದಕ್ಕೆ ಮುಂದೆ ಸ್ಕಿಜೋಫ್ರೀನಿಯ ಎಂಬ ಹೆಸರು ಬಂದಿತು. ಮತ್ತೊಂದು, ಉನ್ಮಾದ ಖಿನ್ನತೆಗಳು ಬಂದು ಹೋಗುವ ರೋಗ. ಈ ವಿಂಗಡಣೆಯಿಂದ ವೈದ್ಯರಿಗೆಲ್ಲ ಒಂದು ಸಮಾನ ಭಾಷೆ ದೊರೆಯಿತು. ಆದರೆ ಎರಡು ಹೆಸರುಗಳಿದ್ದ ಮಾತ್ರಕ್ಕೆ ಎರಡು ಪ್ರತ್ಯೇಕ ಮೂಲಗಳಿರಬೇಕೆಂದೇನೂ ಇಲ್ಲ. ಎರಡರ ಲಕ್ಷಣಗಳನ್ನೂ ಒಟ್ಟಿಗೆ ತೋರುವ ರೋಗಿಗಳಿದ್ದರು. ಇವೆರಡನ್ನು ಎಲ್ಲ ರೋಗಿಗಳಲ್ಲಿಯೂ ಖಚಿತವಾಗಿ ಬೇರ್ಪಡಿಸಲಾಗದೆಂದು ಕ್ರೇಪೆಲಿನ್ನನೇ 1920ರ ಒಂದು ಲೇಖನದಲ್ಲಿ ಒಪ್ಪಿಕೊಂಡನು.

ಅನುವಂಶೀಯತೆಯ ವಿಚಾರದಲ್ಲಿಯೂ ಇಂತಹುದೇ ಪ್ರಶ್ನೆಯಿತ್ತು. ಮೆಂಡೆಲನು 1866ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬಟಾಣಿಯ ಗಿಡ ಎತ್ತರವಾಗಿರುತ್ತಿತ್ತು, ಇಲ್ಲವೆ ಗಿಡ್ಡವಾಗಿರುತ್ತಿತ್ತು. ಇವೆರಡರ ನಡುವಣ ಗಿಡವಿರಲಿಲ್ಲ. ಮನುಷ್ಯರ ಎತ್ತರ ಹಾಗಲ್ಲ. ಶಾಲೆಯ ಮಕ್ಕಳನ್ನೆಲ್ಲ ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿದರೆ, ಗಿಡ್ಡರ ಸಾಲು ಎಲ್ಲಿ ಮುಗಿದು ಎತ್ತರದವರ ಸಾಲು ಎಲ್ಲಿ ಆರಂಭವಾಯಿತೆಂದು ಯಾರೂ ತೋರಿಸಲಾರರು. ಮೆಂಡೆಲನ ನಿಯಮಗಳನ್ನು ಅನುಸರಿಸುವ ಅನೇಕ ಅಂಶಗಳು ಒಂದೊಂದೂ ಅಲ್ಪ ಪ್ರಭಾವ ಬೀರಿದಾಗ ಇಂತಹ ಏರಿಳಿತದ ಸಾಲು ಉಂಟಾಗುತ್ತದೆಂಬುದನ್ನು ಇಂಗ್ಲೆಂಡಿನ ಆರ್. ಎ. ಫಿಷರ್ 1918ರಲ್ಲಿ ಗಣಿತದಿಂದ ತೋರಿಸಿಕೊಟ್ಟನು. ಹಾಗಾದರೆ ಮನೋರೋಗವು ಬಟಾಣಿಯ ಗಿಡದಂತೆಯೋ, ಮನುಷ್ಯನ ಎತ್ತರದಂತೆಯೋ? ಲಕ್ಷಾಂತರ ಜನರ ಬಾಳು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿತ್ತು.

ಮ್ಯೂನಿಕ್ಕಿನ ಮನೋವೈದ್ಯ ಅರ್ನ್ಸ್ಟ್ ರೂಡಿನ್ 1916ರಲ್ಲಿ ಸ್ಕಿಜೋಫ್ರೀನಿಯ ರೋಗಿಗಳ ಒಡಹುಟ್ಟಿದವರ ಅಧ್ಯಯನವೊಂದನ್ನು ಪ್ರಕಟಿಸಿದನು. ಬಟಾಣಿಯ ಗಿಡ್ಡತನದಂತೆ ಈ ರೋಗವೂ ಒಂದೇ ಅಂಶದಿಂದ ಬರುವುದಾಗಿದ್ದರೆ ಅವರಲ್ಲಿ ಕಾಲುಭಾಗದಷ್ಟು ಮಂದಿಗೆ ಅದು ಬರಬೇಕಾಗಿತ್ತು. ಕಂಡುಬಂದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ತನ್ನ ಅಂಕಿಗಳೇ ಹೀಗೆ ಎಚ್ಚರಿಸಿದರೂ, ಹಿಟ್ಲರನ ಸರಕಾರವು 1933ರ ಜುಲೈ 14ರಂದು ಮಾಡಿದ ಕಾನೂನಿಗೆ ವ್ಯಾಖ್ಯಾನ ಬರೆದವರಲ್ಲಿ ಆತನೂ ಒಬ್ಬನಾದನು. ಸ್ಕಿಜೋಫ್ರೀನಿಯ, ಉನ್ಮಾದ-ಖಿನ್ನತೆ ಮೊದಲಾದ ರೋಗಗಳನ್ನು ಪಟ್ಟಿಮಾಡಿ, ರೋಗಿಗಳಿಗೆ ಮಕ್ಕಳಾಗದಂತೆ ಬಲಾತ್ಕಾರದಿಂದ ಶಸ್ತ್ರಚಿಕಿತ್ಸೆ ನಡೆಸಲು ಆ ಕಾನೂನು ಅವಕಾಶ ಕೊಟ್ಟಿತು. ಸುಮಾರು 4 ಲಕ್ಷ ಜನ ಅದಕ್ಕೆ ತುತ್ತಾದರು. 1939ರಲ್ಲಿ ಮನೋರೋಗಿಗಳನ್ನು ಕೊಲ್ಲುವ ಕಾರ್ಯವೇ ಆರಂಭವಾಯಿತು. ಪುಸ್ತಕದಲ್ಲಿ ಎಳೆದ ಗೆರೆಯೊಂದು ಬದುಕುವ ಹಕ್ಕನ್ನೇ ಕತ್ತರಿಸುವ ಕತ್ತಿಯಾಯಿತು.

ಸಂಶೋಧನೆ ಮುಂದುವರಿದಂತೆ ಆ ಕಾನೂನಿನ ತಳಹದಿಯೇ ಕುಸಿಯಿತು. ಅನೇಕ ವಂಶವಾಹಿಗಳ ಅಲ್ಪ ಪ್ರಭಾವಗಳು ಕೂಡಿ ಸ್ಕಿಜೋಫ್ರೀನಿಯಕ್ಕೆ ಕಾರಣವಾಗುತ್ತವೆಂಬ ಸಿದ್ಧಾಂತವನ್ನು ಗಾಟ್ಸ್‌ಮನ್ ಮತ್ತು ಶೀಲ್ಡ್ಸ್ ಎಂಬವರು 1967ರಲ್ಲಿ ಮಂಡಿಸಿದರು. ಕ್ರೇಪೆಲಿನ್ ಬೇರ್ಪಡಿಸಿದ ಎರಡು ರೋಗಗಳಿಗೂ ಇಂತಹ ಅನೇಕ ಅಂಶಗಳು ಸಮಾನವೆಂಬುದು 2009ರಲ್ಲಿ ವ್ಯಕ್ತವಾಯಿತು. 76 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವು ಸ್ಕಿಜೋಫ್ರೀನಿಯಕ್ಕೆ ಸಂಬಂಧಿಸಿದ 287 ತಾಣಗಳನ್ನು ವರ್ಣತಂತುಗಳಲ್ಲಿ ಗುರುತಿಸಿತು. ಇಂತಹ ಅಂಶಗಳಲ್ಲಿ ಬಹಳಷ್ಟು ಆರೋಗ್ಯವಂತರಲ್ಲಿಯೂ ಸರ್ವಸಾಮಾನ್ಯ. ಕೆಲವರಲ್ಲಿ ಅವು ಹೆಚ್ಚು, ಕೆಲವರಲ್ಲಿ ಕಡಿಮೆ. ಒಂದೂ ಇಲ್ಲದ ಮನೆತನವಿಲ್ಲ. ಅನುವಂಶೀಯತೆಯೊಂದೇ ಹಣೆಬರಹವೂ ಅಲ್ಲ. ಏಕರೂಪದ ಅವಳಿಗಳಲ್ಲಿ ಒಬ್ಬರಿಗೆ ಈ ರೋಗ ಬಂದರೂ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಸಂದರ್ಭಗಳಲ್ಲಿ ಮತ್ತೊಬ್ಬರಿಗೆ ಬರುವುದಿಲ್ಲ.

‘ಎಲ್ಲವೂ ಹೆಚ್ಚು ಕಡಿಮೆಯ ಪ್ರಶ್ನೆಯಾದರೆ ರೋಗವೆಂಬುದೇ ಇಲ್ಲವೇ?’ ಎಂದು ಕೆಲವರು ಆಕ್ಷೇಪಿಸಬಹುದು. ರಕ್ತದೊತ್ತಡದ ನಿದರ್ಶನ ಇದಕ್ಕೆ ಉತ್ತರ ಕೊಡುತ್ತದೆ. ರಕ್ತದೊತ್ತಡ ಇಲ್ಲದ ಜೀವಂತ ಮನುಷ್ಯನಿಲ್ಲ. ಅದು ಒಂದು ಮಿತಿಯನ್ನು ದಾಟಿದಾಗ ವೈದ್ಯರು ಅದನ್ನು ರೋಗವೆಂದು ಕರೆದು ಔಷಧ ಕೊಡುತ್ತಾರೆ. ಆ ಮಿತಿಯನ್ನು ಗೊತ್ತುಮಾಡಿದವರು ಮನುಷ್ಯರೇ; ಆದರೆ ಅದನ್ನು ದಾಟಿದವನ ಅಪಾಯ ಸುಳ್ಳಲ್ಲ. ಮನೋರೋಗಿಯ ಸಂಕಟವೂ ಹಾಗೆಯೇ ಸತ್ಯ, ಚಿಕಿತ್ಸೆಯ ಅಗತ್ಯವೂ ಸತ್ಯ. ವೈದ್ಯರಿಗೆ ರೋಗದ ಹೆಸರುಗಳು ಬೇಕೇ ಬೇಕು. ಆ ಹೆಸರುಗಳ ಜೊತೆಗೆ ರೋಗದ ಪ್ರಮಾಣವನ್ನೂ ಅಳೆಯುವ ಕ್ರಮ ಈಗ ಬೆಳೆಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಿತು. ವ್ಯಕ್ತಿತ್ವದ ದೋಷಗಳನ್ನು ಅದರಲ್ಲಿ ಹಿಂದಿನಂತೆ ಹಲವು ಜಾತಿಗಳಾಗಿ ಒಡೆಯದೆ, ಸೌಮ್ಯ, ಮಧ್ಯಮ, ತೀವ್ರ ಎಂಬ ಮಟ್ಟಗಳಿಂದ ಗುರುತಿಸಲಾಗಿದೆ.

ಗೆರೆ ಎಳೆಯುವುದು ತಪ್ಪಲ್ಲ. ಅದನ್ನು ಏತಕ್ಕಾಗಿ ಎಳೆಯಲಾಗಿದೆ ಎಂಬುದೇ ಮುಖ್ಯ. ಯಾರಿಗೆ ನೆರವು ಬೇಕೆಂದು ತಿಳಿಯುವುದಕ್ಕಾಗಿ ಎಳೆದ ಗೆರೆ ಉಪಕಾರಿ. ಯಾರನ್ನು ದೂರವಿಡಬೇಕೆಂದು ತಿಳಿಯುವುದಕ್ಕಾಗಿ ಎಳೆದ ಗೆರೆ ಅನ್ಯಾಯ. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ಕಾಯಿದೆಯು ಆಸ್ಪತ್ರೆಯ ಬಾಗಿಲನ್ನು ತೆರೆಸಬಲ್ಲುದು. ರೋಗಿಯನ್ನು ಆ ಬಾಗಿಲವರೆಗೆ ನಿರ್ಭಯವಾಗಿ ಕರೆತರುವ ಕೆಲಸ ಮನೆಯವರದು, ನೆರೆಹೊರೆಯವರದು. ‘ಆ ಮನೆತನದಲ್ಲಿ ಹುಚ್ಚು ಇದೆ’ ಎಂಬ ಮಾತು ನಿಂತ ದಿನ ಆ ಕೆಲಸ ಸುಲಭವಾಗುತ್ತದೆ.