ಮೇಯರ್ ಐವರು, ಅಧಿಕಾರ ಯಾರದು?

2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಕೆರೆ ಇದ್ದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಸುಪರ್ದಿಯಲ್ಲಿ. ಅದಕ್ಕೆ ನೀರು ತರುವ ರಾಜಕಾಲುವೆ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯದು (ಬಿಬಿಎಂಪಿ). ಕಾಲುವೆ ಸೇರುವ ಕೊಳಚೆಯನ್ನು ಶುದ್ಧೀಕರಿಸಬೇಕಾದದ್ದು ಜಲಮಂಡಳಿ. ನೀರು ಕೆಟ್ಟಿದೆ ಎಂದು ನೋಟಿಸ್ ಕೊಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಈ ನಾಲ್ಕರಲ್ಲಿ ಮೇಯರ್ ಮಾತು ನಡೆಯುತ್ತಿದ್ದದ್ದು ಒಂದೇ ಕಡೆ, ಅದೂ ಅರೆಬರೆ. ಎಲ್ಲರನ್ನೂ ಕರೆಸಿ ಕೇಳಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಬರಬೇಕಾಯಿತು.

ನಗರಾಡಳಿತದ ನಿಜವಾದ ರೋಗ ಇದು. ಆದರೆ ಚರ್ಚೆಯೆಲ್ಲ ನಡೆದದ್ದು ಊರಿನ ಗಾತ್ರದ ಸುತ್ತ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಹುಟ್ಟಿತು. ಸುಮಾರು 700 ಚದರ ಕಿ.ಮೀ. ವಿಸ್ತಾರವನ್ನು ಒಬ್ಬ ಆಯುಕ್ತರು ನಿಭಾಯಿಸಲಾರರು ಎಂಬ ವಾದದಲ್ಲಿ ಹುರುಳಿತ್ತು. ಬಿಬಿಎಂಪಿ ಪುನರ್ರಚನೆಗೆ ಸರ್ಕಾರ ನೇಮಿಸಿದ್ದ ಬಿ.ಎಸ್. ಪಾಟೀಲ್ ಸಮಿತಿಯೂ ವಿಭಜನೆಗೆ ಶಿಫಾರಸು ಮಾಡಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.

ವಿಭಜನೆ ಹೊಸ ಮದ್ದೇನಲ್ಲ. ದೆಹಲಿ ಪಾಲಿಕೆಯನ್ನು 2012ರಲ್ಲಿ ಮೂರಾಗಿ ಒಡೆಯಲಾಯಿತು. ಸ್ಥಿತಿವಂತರ ಬಡಾವಣೆಗಳು ಹೆಚ್ಚಿದ್ದ ದಕ್ಷಿಣ ದೆಹಲಿ ಹೇಗೋ ನಡೆದುಕೊಂಡು ಹೋಯಿತು. ಪೂರ್ವ ಮತ್ತು ಉತ್ತರದಲ್ಲಿ ಪೌರಕಾರ್ಮಿಕರ ಸಂಬಳ ಮತ್ತೆ ಮತ್ತೆ ನಿಂತಿತು, ಮುಷ್ಕರ ನಡೆದಾಗೆಲ್ಲ ಬೀದಿಯಲ್ಲಿ ಕಸ ರಾಶಿ ಬಿತ್ತು. 2022ರಲ್ಲಿ ಮೂರನ್ನೂ ಮತ್ತೆ ಒಂದು ಮಾಡಿದರು. ಬೆಂಗಳೂರಿನಲ್ಲಿ ಮಹದೇವಪುರ, ಕೆ.ಆರ್. ಪುರದ ಐ.ಟಿ. ಕಂಪನಿಗಳಿರುವ ಪೂರ್ವ ಪಾಲಿಕೆಗೆ 50 ವಾರ್ಡ್. ಹಳೆಯ ಬಡಾವಣೆಗಳ ಪಶ್ಚಿಮ ಪಾಲಿಕೆಗೆ 112. ಆಸ್ತಿ ತೆರಿಗೆಯ ಅಂತರವನ್ನು ತುಂಬುವ ಖಾತ್ರಿ ಸೂತ್ರ ಇಲ್ಲದಿದ್ದರೆ ಮೊದಲ ಪೆಟ್ಟು ಬೀಳುವುದು ಪೊರಕೆ ಹಿಡಿದವರ ಹೊಟ್ಟೆಯ ಮೇಲೆ.

ಇನ್ನು ಮೇಯರ್ ಹುದ್ದೆ. ದಶಕಗಳ ಕಾಲ ಬೆಂಗಳೂರಿನ ಮೇಯರ್‌ಗೆ ಸಿಗುತ್ತಿದ್ದದ್ದು ಒಂದು ವರ್ಷ. ಬಜೆಟ್ ಅರ್ಥವಾಗುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. 2020ರ ಬಿಬಿಎಂಪಿ ಕಾಯ್ದೆ ಅದನ್ನು 30 ತಿಂಗಳಿಗೆ ಏರಿಸಿತು, ಆದರೆ ಆ ಕುರ್ಚಿಯಲ್ಲಿ ಕೂರಲು ಯಾರೂ ಇರಲಿಲ್ಲ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಐದು ವರ್ಷ ಆಡಳಿತಾಧಿಕಾರಿಗಳೇ ಊರು ಆಳಿದರು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತಿದ್ದರೂ ಇದು ನಡೆಯಿತು. ಮೇಯರ್ ಅಧಿಕಾರದ ವಿಷಯದಲ್ಲಿ ಕೋಲ್ಕತ್ತ ಭಿನ್ನ. 1980ರ ಕಾಯ್ದೆಯಂತೆ ಅಲ್ಲಿ ಮೇಯರ್ ತಮ್ಮದೇ ಪುಟ್ಟ ಸಂಪುಟದೊಂದಿಗೆ ಕಾರ್ಯಾಂಗ ನಡೆಸುತ್ತಾರೆ, ಆಯುಕ್ತರು ಅದರ ಕೆಳಗೆ.

ಐದು ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರವು ಜಲಮಂಡಳಿ, ಬಿಡಿಎ, ನಗರ ಸಾರಿಗೆಯ ಬಿಎಂಟಿಸಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸುತ್ತದೆ. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ, ಬಹಳ ಹಿಂದೆಯೇ ಆಗಬೇಕಿತ್ತು. ಆದರೆ ಅದರ ಅಧ್ಯಕ್ಷರು ಮುಖ್ಯಮಂತ್ರಿ. ಸಚಿವರು, ಸಂಸದರು, ಶಾಸಕರ ನಡುವೆ ಮೇಯರ್‌ಗಳದು ಐದೇ ದನಿ. ಸಂವಿಧಾನ ಹೇಳಿದ ಮಹಾನಗರ ಯೋಜನಾ ಸಮಿತಿಯಲ್ಲಾದರೋ ಮೂರನೇ ಎರಡರಷ್ಟು ಸದಸ್ಯರು ಸ್ಥಳೀಯ ಸಂಸ್ಥೆಗಳಿಂದಲೇ ಆಯ್ಕೆಯಾಗಿ ಬರಬೇಕು.

ವಾರ್ಡಿನಲ್ಲಿ ಒಳಚರಂಡಿ ಉಕ್ಕಿದರೆ ಜನ ಹುಡುಕಿಕೊಂಡು ಹೋಗುವುದು ಕಾರ್ಪೊರೇಟರ್ ಮನೆಗೆ. ಅವರು ಫೋನು ಹಚ್ಚುವ ಜಲಮಂಡಳಿ ಎಂಜಿನಿಯರ್ ಮಾತ್ರ ಪಾಲಿಕೆಗೆ ಲೆಕ್ಕ ಕೊಡಬೇಕಿಲ್ಲ. ಇದನ್ನು ಸರಿಪಡಿಸಲು ಕೇಂದ್ರದ ಅನುಮತಿ ಬೇಕಿಲ್ಲ. ನೀರು ಸರಬರಾಜು ಸಂವಿಧಾನದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಈಗಾಗಲೇ ಇದೆ. ಅದನ್ನು ಪಾಲಿಕೆಗಳ ಅಧೀನಕ್ಕೆ ತರುವ ತಿದ್ದುಪಡಿಯನ್ನು ವಿಧಾನಮಂಡಲವೇ ಅಂಗೀಕರಿಸಬಹುದು.