ದುರಸ್ತಿಗೆ ಹಾರ ಹಾಕುವವರಾರು?

ಪರಮಾಣು ಸಮ್ಮಿಲನದ ವಿಷಯದಲ್ಲಿ ನಮ್ಮ ದಿನಪತ್ರಿಕೆಗಳಿಗೆ ಎರಡೇ ಬಗೆಯ ವಾರ್ತೆ ಗೊತ್ತಿರುವಂತಿದೆ. ಒಂದು, ಸೂರ್ಯನನ್ನೇ ಭೂಮಿಗಿಳಿಸಿದರೆಂಬ ದಪ್ಪಕ್ಷರದ ಜಯಘೋಷ. ಇನ್ನೊಂದು, ಮತ್ತೆ ವಿಳಂಬ, ಮತ್ತೆ ಕೋಟ್ಯಂತರ ವ್ಯಯ ಎಂಬ ಗೊಣಗು. ಇವೆರಡರ ನಡುವೆ ಆ ಪ್ರಯೋಗಾಲಯಗಳಲ್ಲಿ ವರ್ಷದ ಬಹುಕಾಲ ನಡೆಯುವ ಕೆಲಸ ಒಂದಿದೆ. ಸೋರುವ ಕೊಳವೆಯನ್ನು ಹುಡುಕುವುದು, ಬೆಸುಗೆ ಬಿಚ್ಚಿ ಮತ್ತೆ ಹಾಕುವುದು, ಸುಟ್ಟ ಹೆಂಚು ತೆಗೆದು ಹೊಸದನ್ನು ಕೂರಿಸುವುದು. ಅದರ ಸುದ್ದಿ ಯಾರಿಗೂ ಬೇಡ. ಈ ಉದಾಸೀನ ಪತ್ರಿಕೆಗಳದ್ದು ಮಾತ್ರವಲ್ಲ, ಹಣ ಮಂಜೂರು ಮಾಡುವವರೂ ಪ್ರಯೋಗಾಲಯಗಳನ್ನು ನಡೆಸುವವರೂ ಅದರಲ್ಲಿ ಸಮಪಾಲುದಾರರು ಎಂಬುದು ನಮ್ಮ ವಾದ.

ವಿಷಯ ಹೊಸತೆನಿಸುವ ಓದುಗರಿಗಾಗಿ ಎರಡು ಮಾತು. ಭಾರವಾದ ಯುರೇನಿಯಂ ಬೀಜವನ್ನು ಒಡೆದು ಶಕ್ತಿ ಪಡೆಯುವುದು ವಿದಳನ. ಹಗುರವಾದ ಜಲಜನಕದ ಬೀಜಗಳನ್ನು ಬೆಸೆದು ಪಡೆಯುವುದು ಸಮ್ಮಿಲನ. ಬೆಸೆಯಬೇಕಾದರೆ ಅನಿಲವನ್ನು ಹತ್ತು ಕೋಟಿ ಡಿಗ್ರಿಗೂ ಮೀರಿ ಕಾಯಿಸಬೇಕು. ಅಂಥ ಪ್ಲಾಸ್ಮಾವನ್ನು ಹಿಡಿದಿಡಬಲ್ಲ ಪಾತ್ರೆ ಲೋಕದಲ್ಲಿಲ್ಲವಾದ್ದರಿಂದ, ಬಳೆಯಾಕಾರದ ನಿರ್ವಾತ ಕೋಶದೊಳಗೆ ಕಾಂತಕ್ಷೇತ್ರದ ಪಂಜರ ಕಟ್ಟಿ ಗೋಡೆಗೆ ತಾಗದಂತೆ ತೇಲಿಸುತ್ತಾರೆ. ಈ ಯಂತ್ರದ ಹೆಸರೇ ಟೋಕಮಾಕ್. ಕಾಂತಸುರುಳಿಗಳು ಅತಿವಾಹಕಗಳಾಗಿದ್ದರಂತೂ ಅವನ್ನು ದ್ರವ ಹೀಲಿಯಂನಿಂದ ಸೊನ್ನೆಗಿಂತ 269 ಡಿಗ್ರಿ ಕೆಳಗೆ ಇಡಬೇಕು. ಅತ್ತ ಸೂರ್ಯಗರ್ಭವನ್ನು ಮೀರಿಸುವ ಬೇಗೆ, ಇತ್ತ ಕೆಲವೇ ಅಡಿಗಳಾಚೆ ಹಿಮಾಲಯವನ್ನೂ ನಾಚಿಸುವ ಶೈತ್ಯ. ನಡುವೆ ಎಲ್ಲಾದರೂ ಕಣ್ಣಿಗೆ ಕಾಣದ ಒಂದು ಬಿರುಕು ಬಿಟ್ಟರೆ ಮುಗಿಯಿತು, ಇಡೀ ಯಂತ್ರ ಬರಿಯ ಕಬ್ಬಿಣದ ರಾಶಿ.

ಇದನ್ನು ದೂರದ ದೇಶದ ಕಥೆಯೆಂದು ತಿಳಿಯಬೇಡಿ. ಗಾಂಧಿನಗರದ ಬಳಿ, ಸಾಬರಮತಿಯ ದಂಡೆಯ ಭಾಟ್ ಗ್ರಾಮದಲ್ಲಿ ಪ್ಲಾಸ್ಮಾ ಸಂಶೋಧನ ಸಂಸ್ಥೆ ಇದೆ. 1982ರಲ್ಲಿ ಅಹಮದಾಬಾದಿನ ಭೌತ ಸಂಶೋಧನ ಪ್ರಯೋಗಾಲಯದೊಳಗೊಂದು ಕಾರ್ಯಕ್ರಮವಾಗಿ ಮೊದಲಾಗಿ, 1986ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಅದರ ಸ್ಥಾಪಕ ನಿರ್ದೇಶಕರು ಪ್ರೆಧಿಮನ್ ಕೃಷ್ಣ ಕಾವ್. ಅಲ್ಲಿಯವರು ಕಟ್ಟಿದ 'ಆದಿತ್ಯ' ಟೋಕಮಾಕ್ 1989ರಲ್ಲಿ ಚಾಲನೆಗೆ ಬಂತು. ಅದರ ಮುಂದಿನ ಹೆಜ್ಜೆಯೇ ಎಸ್‌ಎಸ್‌ಟಿ-1: ಅತಿವಾಹಕ ಸುರುಳಿಗಳ ಯಂತ್ರ, 1000 ಸೆಕೆಂಡುಗಳವರೆಗೆ ಪ್ಲಾಸ್ಮಾ ಉಳಿಸಬೇಕೆಂಬ ಗುರಿ.

ಯಂತ್ರ ಜೋಡಣೆಯಾಯಿತು. 2000ದ ದಶಕದ ಮಧ್ಯದಲ್ಲಿ ತಂಪುಮಾಡಲು ಹೊರಟಾಗ ಅದು ಕೈಕೊಟ್ಟಿತು. ಹೀಲಿಯಂ ಸೋರಿತು, ಸುರುಳಿಗಳ ಕೀಲುಗಳು ಎಣಿಸಿದಂತೆ ನಡೆಯಲಿಲ್ಲ. 'ಬಿಳಿಯಾನೆ' ಎಂದು ಮೂದಲಿಸುವುದು ಆಗ ಎಷ್ಟು ಸುಲಭವೋ, ತೇಪೆ ಹಾಕಿ ಮುಚ್ಚಿಡುವುದೂ ಅಷ್ಟೇ ಸುಲಭವಿತ್ತು. ಆ ಜನ ಎರಡನ್ನೂ ಒಪ್ಪದೆ ಯಂತ್ರವನ್ನು ಬಿಚ್ಚಿದರು. 16 ದೊಡ್ಡ ಸುರುಳಿಗಳನ್ನು ಹೊರತೆಗೆದು, ಒಂದೊಂದನ್ನೂ ಬೇರೆಯಾಗಿ ಹೀಲಿಯಂ ಶೈತ್ಯಕ್ಕಿಳಿಸಿ, 10,000 ಆಂಪಿಯರ್ ವಿದ್ಯುತ್ ಹರಿಸಿ ಪರೀಕ್ಷಿಸಿದರು. ಕೀಲುಗಳನ್ನು ಹೊಸದಾಗಿ ಮಾಡಿದರು. ಶಾಖ ತಡೆಯುವ ಫಲಕಗಳನ್ನು ಬದಲಿಸಿದರು. 2009ರ ಸುಮಾರಿಗೆ ಹೂಡಿದ ಈ ಕಾರ್ಯದ ಫಲವಾಗಿ 2013ರ ಜೂನ್ ತಿಂಗಳಲ್ಲಿ ಎಸ್‌ಎಸ್‌ಟಿ-1ರೊಳಗೆ ಮೊದಲ ಪ್ಲಾಸ್ಮಾ ಮಿನುಗಿತು. ಆ ಪ್ಲಾಸ್ಮಾ ಬಾಳಿದ್ದು ಸೆಕೆಂಡಿನ ಒಂದಂಶ ಮಾತ್ರ, ಸಾವಿರ ಸೆಕೆಂಡಿನ ಮಾತು ದೂರವೇ ಉಳಿಯಿತು ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಅತಿವಾಹಕ ಯಂತ್ರವೊಂದನ್ನು ಬಿಚ್ಚಿ, ತಪ್ಪು ಹುಡುಕಿ, ಮತ್ತೆ ಕಟ್ಟುವ ಕೈಗಳು ಈ ದೇಶದಲ್ಲಿ ತಯಾರಾದದ್ದು ಆ ನಾಲ್ಕು ವರ್ಷಗಳಲ್ಲಿ. ಯಂತ್ರವನ್ನು ದುಡ್ಡು ಕೊಟ್ಟು ಹೊರಗಿನಿಂದ ತರಿಸಬಹುದಿತ್ತು; ಈ ಕೈಗಳನ್ನಲ್ಲ.

ದುರಸ್ತಿ ಬಡದೇಶದ ರೋಗ, ಅಮೆರಿಕದಲ್ಲಿ ಹೀಗಾಗದು ಎಂದು ನಮ್ಮ ಬುದ್ಧಿಜೀವಿ ಮಿತ್ರರು ತೀರ್ಪು ಕೊಡುವುದುಂಟು. ಅವರು ಪ್ರಿನ್ಸ್‌ಟನ್ ಪ್ಲಾಸ್ಮಾ ಭೌತವಿಜ್ಞಾನ ಪ್ರಯೋಗಾಲಯದ ಕಡೆ ನೋಡಲಿ. ಅಲ್ಲಿ 9 ಕೋಟಿ 40 ಲಕ್ಷ ಡಾಲರು ಸುರಿದು ಎನ್‌ಎಸ್‌ಟಿಎಕ್ಸ್ ಎಂಬ ಟೋಕಮಾಕನ್ನು ಹೆಚ್ಚು ಬಲಶಾಲಿಯಾಗಿ ಪುನಾರಚಿಸಿದರು. 2016ರಲ್ಲಿ ಅದು ದುಡಿದದ್ದು ಸುಮಾರು ಹತ್ತು ವಾರ. ಒಂದು ಕಾಂತಸುರುಳಿಯೊಳಗೆ ಶಾರ್ಟ್ ಸರ್ಕ್ಯೂಟ್ ಆಯಿತು, ಯಂತ್ರ ನಿಂತಿತು, ಆ ವರ್ಷವೇ ನಿರ್ದೇಶಕರು ಹುದ್ದೆ ಬಿಟ್ಟರು. ಕಾರಣ ಕೆದಕಿದಂತೆ ಬೇರೆ ಬೇರೆ ಕಡೆ ದೋಷಗಳು ಕಂಡು, ಅದೇ ಬಗೆಯ ಉಳಿದ ಸುರುಳಿಗಳನ್ನೂ ಹೊಸದಾಗಿ ಸುತ್ತಬೇಕಾಯಿತು. ಹತ್ತು ವಾರದ ಓಟಕ್ಕೆ ವರ್ಷಗಟ್ಟಲೆಯ ದುರಸ್ತಿ!

ಫ್ರಾನ್ಸಿನ ದಕ್ಷಿಣದಲ್ಲಿ ಭಾರತವೂ ಪಾಲುದಾರನಾಗಿರುವ ಐಟರ್ ಯಂತ್ರದ ಪಾಡೂ ಭಿನ್ನವಲ್ಲ. ಅದನ್ನು ಸುತ್ತುವರಿಯುವ ಮಹಾಪಾತ್ರೆಯಾದ ಕ್ರಯೋಸ್ಟಾಟಿನ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದವೆಂದು ನಾವೆಲ್ಲ ಹೆಮ್ಮೆಪಟ್ಟೆವು. 2022ರಲ್ಲಿ ಅದೇ ಯಂತ್ರದ ಶಾಖಕವಚದ ತಂಪು ಕೊಳವೆಗಳಲ್ಲಿ ಬಿರುಕು ಕಂಡುಬಂತು. ಬೆಸುಗೆಯ ಸಂದಿಯಲ್ಲಿ ಉಳಿದಿದ್ದ ಕ್ಲೋರೀನ್ ಲೋಹವನ್ನು ತಿಂದಿತ್ತು. ಸುಮಾರು 23 ಕಿಲೋಮೀಟರು ಕೊಳವೆ ಬದಲಿಸಬೇಕಾಯಿತು. 2022ರ ಮೇ ತಿಂಗಳಲ್ಲಿ ಹೊಂಡಕ್ಕಿಳಿಸಿದ್ದ ಸಾವಿರ ಟನ್ನಿಗೂ ಮಿಕ್ಕಿದ ಖಂಡವನ್ನು 2023ರ ಜುಲೈನಲ್ಲಿ ಮತ್ತೆ ಮೇಲೆತ್ತಿದರು. 2024ರಲ್ಲಿ ಪ್ರಕಟವಾದ ಹೊಸ ವೇಳಾಪಟ್ಟಿಯ ಪ್ರಕಾರ ಸಂಶೋಧನೆಯ ಆರಂಭವೇ 2034ಕ್ಕೆ.

ವಿರೋಧಿಗಳ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. 1955ರಲ್ಲಿ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ ಹೋಮಿ ಭಾಭಾ ಅವರು ಎರಡು ದಶಕಗಳೊಳಗೆ ಸಮ್ಮಿಲನ ಶಕ್ತಿಯನ್ನು ಹಿಡಿತಕ್ಕೆ ತರುವ ಉಪಾಯ ದೊರೆತೀತೆಂದು ನುಡಿದರು. ಎರಡಲ್ಲ, ಏಳು ದಶಕ ಸಂದಿವೆ. ಭಾಭಾ ಅಂಥವರ ಲೆಕ್ಕವೇ ತಪ್ಪಿದ ಮೇಲೆ, ಇಂದಿಗೂ ಇಸವಿ ಹಾಕಿ ಆಶ್ವಾಸನೆ ಕೊಡುವ ವಿಜ್ಞಾನಿಗಳು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುತ್ತಿದ್ದಾರೆ. ಯಂತ್ರ ಕಟ್ಟಲು ಇಷ್ಟು ವರ್ಷ, ಓಡಿಸಲು ಇಷ್ಟು ವರ್ಷ ಎಂದು ಬರೆದುಕೊಡುತ್ತಾರೆ; ಬಿಚ್ಚಿ ಸರಿಪಡಿಸಲು ಬೇಕಾದ ವರ್ಷಗಳ ಕಾಲಮ್ಮೇ ಆ ಕಾಗದದಲ್ಲಿ ಇರುವುದಿಲ್ಲ. ಕೇಳಿದರೆ ಹಣ ಸಿಕ್ಕೀತೋ ಇಲ್ಲವೋ ಎಂಬ ಭಯ. ಆಮೇಲೆ ಆದದ್ದಕ್ಕೆಲ್ಲ 'ವಿಳಂಬ'ವೆಂಬ ಹೆಸರು. ನಮ್ಮ ಕೆರೆ ಕಟ್ಟಿಸಿದ ಪೂರ್ವಜರು ಈ ವಿಷಯದಲ್ಲಿ ಜಾಣರು. ಕೆರೆಯ ಜೊತೆಯಲ್ಲೇ ಅದರ ಏರಿ ತೂಬುಗಳ ರಕ್ಷಣೆಗೆಂದು ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟು ಶಾಸನ ಬರೆಸುತ್ತಿದ್ದರು.

ದುರಸ್ತಿಯಿಂದ ಏನು ಬಂತೆಂದು ಕೇಳುವವರಿಗೆ ಇಂಗ್ಲೆಂಡಿನ ಕಲ್ಹಮ್‌ನ ಜೆಟ್ ಯಂತ್ರವೇ ಉತ್ತರ. 1983ರಲ್ಲಿ ಆರಂಭವಾದ ಈ ಯಂತ್ರವನ್ನು 2009ರಲ್ಲಿ ನಿಲ್ಲಿಸಿ ಸುಮಾರು ಎರಡು ವರ್ಷ ಮುಚ್ಚಿದರು. ಒಳಗೋಡೆಯ ಇಂಗಾಲದ ಹೆಂಚುಗಳನ್ನು ಕಿತ್ತು ಬೆರಿಲಿಯಂ, ಟಂಗ್‌ಸ್ಟನ್ ಹೆಂಚುಗಳನ್ನು ಕೂರಿಸಿದರು; ಸಾವಿರಾರು ಹೆಂಚುಗಳು, ಬಹುಪಾಲು ದೂರದಿಂದ ನಡೆಸುವ ಯಾಂತ್ರಿಕ ತೋಳಿನಿಂದ. ಆ ಎರಡು ವರ್ಷ ಅಲ್ಲಿ ದಾಖಲೆಯೂ ಇಲ್ಲ, ಸುದ್ದಿಯೂ ಇಲ್ಲ. 1997ರಲ್ಲಿ ಸುಮಾರು 22 ಮೆಗಾಜೌಲ್ ಕೊಟ್ಟಿದ್ದ ಅದೇ ಯಂತ್ರ ಹೊಸ ಗೋಡೆಯೊಳಗೆ 2021ರಲ್ಲಿ 59, 2023ರಲ್ಲಿ 69 ಮೆಗಾಜೌಲ್ ಕೊಟ್ಟಿತು. ಭ್ರಮೆ ಬೇಡ: 69 ಮೆಗಾಜೌಲ್ ಎಂದರೆ ನಮ್ಮ ಮನೆಯ ಕರೆಂಟು ಬಿಲ್ಲಿನ ಲೆಕ್ಕದಲ್ಲಿ ಹತ್ತೊಂಬತ್ತು ಯೂನಿಟ್ಟು, ಪ್ಲಾಸ್ಮಾ ಕಾಯಿಸಲು ಹಿಡಿದ ಶಕ್ತಿ ಅದಕ್ಕಿಂತ ಬಹಳ ಹೆಚ್ಚು. ನಮ್ಮ ಚಾಳಿನ ದೀಪ ನಾಳೆ ಇದರಿಂದ ಉರಿಯುವುದಿಲ್ಲ. 2023ರ ಡಿಸೆಂಬರ್ 18ರಂದು, ಯಂತ್ರದ ಕಡೆಯ ದಿನ, ವಿಜ್ಞಾನಿಗಳು ವೇಗದ ಎಲೆಕ್ಟ್ರಾನುಗಳನ್ನು ಬೇಕೆಂದೇ ಒಳಗೋಡೆಗೆ ಗುರಿಯಿಟ್ಟು ಬಿಟ್ಟರು. ಗೋಡೆ ಹೇಗೆ ಹಾಳಾಗುತ್ತದೆಂದು ತಿಳಿದರೆ ಮುಂದಿನ ಯಂತ್ರದ ಗೋಡೆ ಉಳಿಸಬಹುದೆಂದು. ಇದು ನಮಗೆ ಆ ದಾಖಲೆಗಳಿಗಿಂತಲೂ ದೊಡ್ಡದಾಗಿ ಕಂಡಿತು.

ನಮ್ಮ ಸಂಘದ ಬಂಧುಗಳಿಗೂ ಒಂದು ಮಾತು ಹೇಳದೆ ವಿಧಿಯಿಲ್ಲ. ಮಕ್ಕಳು ವಿಜ್ಞಾನಿಗಳಾಗಲಿ, ಇಂಜಿನಿಯರುಗಳಾಗಲಿ ಎಂಬ ಹಂಬಲ ನಮ್ಮ ಪ್ರತಿ ಮನೆಯಲ್ಲೂ ಇದೆ. ಆದರೆ ನಿರ್ವಾತ ಕೋಶದ ಸೋರಿಕೆ ಹುಡುಕುವ ತಂತ್ರಜ್ಞನೆಂದರೆ ವಧೂವರರ ಅಂಕಣದಲ್ಲಿ ಯಾರೂ ಎರಡನೆಯ ಸಲ ಓದುವುದಿಲ್ಲ. ಟ್ರಾಂಬೆಯ ಕಾರ್ಯಾಗಾರಗಳನ್ನು ಬಲ್ಲವರಿಗೆ ಈ ಅನ್ಯಾಯವನ್ನು ನಾವು ವಿವರಿಸಬೇಕಾಗಿಲ್ಲ. ನಿವೃತ್ತನಾಗುವ ಬೆಸುಗೆಗಾರನ ಜಾಗಕ್ಕೆ ಇನ್ನೊಬ್ಬನನ್ನು ಸಮಯಕ್ಕೆ ಮುಂಚೆ ನೇಮಿಸಿ ಪಳಗಿಸದಿದ್ದರೆ, ಅವನ ಕೈಯಲ್ಲಿದ್ದ ವಿದ್ಯೆ ಅವನೊಡನೆಯೇ ಊರಿಗೆ ಹೋಗುತ್ತದೆ.

ಆದ್ದರಿಂದ ನಾವು ಕೇಳುವುದು ಇಷ್ಟು: ಹೊಸ ಯಂತ್ರಕ್ಕೆ ಹಣ ಮಂಜೂರಾದ ದಿನವೇ ಅದರ ಬಿಡಿಭಾಗಗಳಿಗೂ ದುರಸ್ತಿಯ ಕಾಲಕ್ಕೂ ಮಂಜೂರಾಗಲಿ. ಪ್ರಯೋಗಾಲಯದ ವಾರ್ಷಿಕ ವರದಿಯಲ್ಲಿ ಯಂತ್ರ ಎಷ್ಟು ದಿನ ಓಡಿತು, ಎಷ್ಟು ದಿನ ನಿಂತಿತ್ತು, ಏಕೆ ನಿಂತಿತ್ತು, ಅದನ್ನು ಎಬ್ಬಿಸಿದವರು ಯಾರು ಎಂಬುದು ಮೊದಲ ಪುಟದಲ್ಲೇ ಬರಲಿ. ಗಣ್ಯರ ಭೇಟಿಯ ಭಾವಚಿತ್ರಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿದರೆ ಅಷ್ಟಕ್ಕೆ ಜಾಗ ಸಾಕು.