ಹಿಬಾ ಕೊಟ್ಟವರ ಪಾಡೇನು?

ನಮ್ಮ ಜಮಾಅತ್‌ಗಳ ಮುಂದೆ ಬರುವ ತಕರಾರುಗಳಲ್ಲಿ ಅತ್ಯಂತ ತಗ್ಗಿದ ದನಿ ವೃದ್ಧ ತಂದೆತಾಯಿಯರದು. ಮನೆಯನ್ನು ಮಗನಿಗೆ ಹಿಬಾ ಮಾಡಿಕೊಟ್ಟಿದ್ದಾರೆ. ಖಾತೆ ಬದಲಾಗುವ ತನಕ ಅಬ್ಬಾ, ಅಮ್ಮಿ ಎಂದು ಸುತ್ತುತ್ತಿದ್ದವನಿಗೆ ಈಗ ಅವರ ಕೆಮ್ಮು, ಔಷಧಿಯ ಖರ್ಚು, ಕೊನೆಗೆ ಅವರು ಮಲಗುವ ಮೂಲೆಯೂ ಭಾರ. ಅವರಿಗೆ ನಾವು ಹೇಳುವ ಸಮಾಧಾನವಾದರೂ ಏನು? 'ಸಬರ್ ಮಾಡಿ. ಮನೆಯ ಮಾನ ಬೀದಿಗೆ ತರಬೇಡಿ. ಕೊಟ್ಟ ಹಿಬಾ ವಾಪಸ್ ಕೇಳುವುದು ಗುನಾಹ್.'

ಈ ಮೂರನೆಯ ಮಾತನ್ನೇ ಮೊದಲು ಪರೀಕ್ಷಿಸೋಣ. ಕೊಟ್ಟದ್ದನ್ನು ಹಿಂದೆ ಪಡೆಯುವುದು ಹೇಯವೆಂದು ಹದೀಸ್‌ನಲ್ಲಿರುವುದು ನಿಜ. ಆದರೆ ತಂದೆ ತನ್ನ ಮಕ್ಕಳಿಗೆ ಕೊಟ್ಟದ್ದಕ್ಕೆ ಈ ಮಾತು ಅನ್ವಯಿಸದೆಂದು ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಸ್ಪಷ್ಟವಾಗಿಯೇ ಇದೆ. ಕರಾವಳಿಯ ಬ್ಯಾರಿಗಳೂ ನವಾಯತರೂ ಅನುಸರಿಸುವ ಶಾಫಿ ಮದ್‌ಹಬ್, ಆಸ್ತಿ ಮಗನ ಬಳಿಯೇ ಉಳಿದಿದ್ದರೆ ತಂದೆತಾಯಿ ಅದನ್ನು ಹಿಂಪಡೆಯಬಹುದು ಎನ್ನುತ್ತದೆ. ಮಕ್ಕಳಿಗೆ ಕೊಟ್ಟು ಸ್ವಾಧೀನವೂ ಆದ ಮೇಲೆ ಹಿಂಪಡೆಯಲಾಗದೆಂಬುದು ಹನಫಿಗಳ ನಿಲುವು. ಆದರೆ ಬಡ ತಂದೆತಾಯಿಯನ್ನು ಸಾಕುವುದು ಮಕ್ಕಳ ಮೇಲೆ ವಾಜಿಬ್ ಎಂಬುದರಲ್ಲಿ ಹನಫಿಗಳಿಗೂ ಭಿನ್ನಮತವಿಲ್ಲ. ಅರ್ಧ ಮಾತನ್ನು ಮರೆಮಾಡಿ, ಉಳಿದರ್ಧದಿಂದ ಮುದುಕರನ್ನು ಹೆದರಿಸುವುದು ಯಾವ ದೀನ್?

ದೇಶದ ಕಾನೂನೂ ಅವರ ಬೆನ್ನಿಗಿದೆ. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಎಲ್ಲ ಧರ್ಮದವರಿಗೂ ಸೇರಿದ್ದು. 60 ವರ್ಷ ದಾಟಿದವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವನು ಮಾತಿಗೆ ತಪ್ಪಿದರೆ ರದ್ದುಪಡಿಸಿಕೊಳ್ಳಬಹುದೆಂದು ಅದರ 23ನೆಯ ಕಲಂ ಹೇಳುತ್ತದೆ. ಅರ್ಜಿ ಕೊಡಬೇಕಾದದ್ದು ನಮ್ಮ ರಾಜ್ಯದಲ್ಲಿ ಎ.ಸಿ. ಎಂದು ಕರೆಯುವ ಉಪವಿಭಾಗಾಧಿಕಾರಿಯ ಮುಂದೆ.

ತೊಡಕಿರುವುದು 'ಷರತ್ತು' ಎಂಬ ಪದದಲ್ಲಿ. ಷರತ್ತು ಇತ್ತೆಂದು ತೋರಿಸದೆ ಈ ಕಲಂನ ನೆರವು ಸಿಗದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಕಾಯ್ದೆಯನ್ನು ಹಿರಿಯರ ಹಿತಕ್ಕೆ ಉದಾರವಾಗಿ ಓದಬೇಕೆಂದು, ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರ ರದ್ದುಮಾಡಿ ಆಸ್ತಿಯನ್ನು ಮರಳಿಸಿತು. ಆಕೆಯ ಬಳಿ, ನೋಡಿಕೊಳ್ಳುವೆನೆಂಬ ಕಾಗದವಿತ್ತು. ನಮ್ಮವರ ಬಳಿ ಏನಿದೆ? ಹಿಬಾಕ್ಕೆ ಬರಹವೇ ಬೇಕಿಲ್ಲ. ಕೊಟ್ಟೆ, ತೆಗೆದುಕೊಂಡೆ, ಸ್ವಾಧೀನ ಬಿಟ್ಟೆ ಎಂದರೆ ಮುಗಿಯಿತು. ನಾಲ್ಕು ಜನರೆದುರು ಬಾಯಿಮಾತಿನಲ್ಲಿ ಮನೆ ಕೊಟ್ಟವರು ಷರತ್ತನ್ನು ಎಲ್ಲಿಂದ ತಂದು ತೋರಿಸಬೇಕು?

ಇಷ್ಟು ಅವಸರದಲ್ಲಿ ಕೊಡುವುದಾದರೂ ಯಾಕೆ? ಇಸ್ಲಾಮಿನಲ್ಲಿ ಹುಟ್ಟಿನಿಂದ ಬರುವ ಪಾಲು ಎಂಬುದಿಲ್ಲ. ತಂದೆ ಬದುಕಿರುವಷ್ಟು ದಿನ ಅವನ ಆಸ್ತಿಯಲ್ಲಿ ಮಗನಿಗೆ ಕವಡೆಯ ಹಕ್ಕೂ ಇಲ್ಲ. ಸತ್ತ ಮೇಲೆ ಪಾಲು ಯಾರಿಗೆಷ್ಟೆಂದು ಕುರ್‌ಆನೇ ನಿಗದಿಪಡಿಸಿದೆ. ಆ ನಿಗದಿಯಲ್ಲಿ ಮಗಳೂ ಇದ್ದಾಳೆ. ಅವಸರಕ್ಕೆ ಅನೇಕ ವೇಳೆ ಕಾರಣವೂ ಅದೇ. ಉಳಿದ ವಾರಸುದಾರರು ಒಪ್ಪದೆ ಮಗನ ಹೆಸರಿಗೆ ವಸೀಯತ್ ಬರೆಯುವಂತಿಲ್ಲ. ಹಾಗಾಗಿ ಬದುಕಿರುವಾಗಲೇ ಹಿಬಾ ಮಾಡಿ ಮಗಳ ಪಾಲನ್ನು ತಪ್ಪಿಸುತ್ತೇವೆ. ಒಬ್ಬ ಮಗನಿಗೆ ಮಾತ್ರ ಕೊಡುಗೆ ಕೊಟ್ಟ ಸಹಾಬಿಯೊಬ್ಬರಿಗೆ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ಕೇಳಿ, ಇಲ್ಲವೆಂದಾಗ ಅದನ್ನು ಹಿಂದಕ್ಕೆ ಪಡೆಯಲು ಪ್ರವಾದಿಯವರು ಹೇಳಿದ್ದು ಬುಖಾರಿಯಲ್ಲಿದೆ. ಈ ಹದೀಸ್ ನಮ್ಮ ಜುಮಾ ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಬಂದಿದೆ? ಮಗ ಹೊರಹಾಕಿದ ತಾಯಿ ಹೋಗಿ ಸೇರುವುದು ಮಾತ್ರ, ಪಾಲು ತಪ್ಪಿಸಿಕೊಂಡ ಆ ಮಗಳ ಬಾಡಿಗೆ ಮನೆಯನ್ನೇ.

ಆದ್ದರಿಂದ ಮೌಲ್ವಿಗಳೂ ಜಮಾಅತ್ ಹಿರಿಯರೂ ಈಗ ಬಾಯಿ ಬಿಡಲಿ. ಉಸಿರಿರುವವರೆಗೆ ಮನೆ ನಿಮ್ಮ ಹೆಸರಿನಲ್ಲೇ ಇರಲಿ ಎನ್ನಲಿ. ಕೊಡಲೇಬೇಕೆಂದರೆ ಮಗಳನ್ನು ಬಿಟ್ಟು ಕೊಡಬೇಡಿ, ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಬರೆಸಿ ನೋಂದಾಯಿಸಿ ಎನ್ನಲಿ. ಷರತ್ತಿಲ್ಲದ ಹಿಬಾಕ್ಕೆ ಸಾಕ್ಷಿ ಹಾಕುವುದಿಲ್ಲವೆಂದು ಜಮಾಅತ್‌ಗಳು ತೀರ್ಮಾನಿಸಲಿ. ಈಗಾಗಲೇ ಕೊಟ್ಟು ಕೆಟ್ಟವರನ್ನು ಕೈಹಿಡಿದು ಎ.ಸಿ. ಕಚೇರಿಗೆ ಕರೆದೊಯ್ಯಲಿ. ಪತ್ರವಿಲ್ಲದಿದ್ದರೂ ಜೀವನಾಂಶವನ್ನಾದರೂ ಅಲ್ಲಿ ಕೇಳಬಹುದು. ಇದ್ಯಾವುದನ್ನೂ ಮಾಡದೆ ಬರೀ ಸಬರ್ ಬೋಧಿಸುವುದೆಂದರೆ, ಮಗನ ಪರ ವಕಾಲತ್ತು ವಹಿಸಿದಂತೆಯೇ.